ಗ್ಲೋಬಲ್‌ಫೈಲರ್ ಡಿಎನ್‌ಎ ಕಿಟ್: ಡಬ್ಬಿಯಲ್ಲಿ ಏನಿದೆ, ಎಲ್ಲಿ ಕೈಕೊಡುತ್ತದೆ

ಅಪರಾಧ ಪತ್ತೆ ಲ್ಯಾಬಿನ ಡಿಎನ್‌ಎ ವಿಭಾಗಕ್ಕೆ ಹೊಸ ಎಸ್‌ಟಿಆರ್ ಕಿಟ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕುಗಳನ್ನು ಅಳೆದು ವ್ಯಕ್ತಿಯ ಗುರುತು ಹಿಡಿಯುವ ಕಿಟ್) ಕೊಳ್ಳಲು ಹೊರಟವರ ಮುಂದೆ ಈಗ ಮುಖ್ಯವಾಗಿ ಮೂರು ಡಬ್ಬಿಗಳಿವೆ. ಅಪ್ಲೈಡ್ ಬಯೋಸಿಸ್ಟಮ್ಸ್ ಹೆಸರಿನಲ್ಲಿ ಥರ್ಮೊ ಫಿಶರ್ ಮಾರುವ ಗ್ಲೋಬಲ್‌ಫೈಲರ್, ಪ್ರೊಮೆಗಾದ ಪವರ್‌ಪ್ಲೆಕ್ಸ್ ಫ್ಯೂಷನ್ 6ಸಿ, ಕಿಯಾಜೆನ್‌ನ ಇನ್ವೆಸ್ಟಿಗೇಟರ್ 24ಪ್ಲೆಕ್ಸ್ ಕ್ಯುಎಸ್. ಮೂರೂ ಆರು ಬಣ್ಣದ ಕಿಟ್‌ಗಳೇ. ಈ ಬರಹ ಮೊದಲನೆಯದರ ಬಗ್ಗೆ. ಉಳಿದೆರಡು ಹೋಲಿಕೆಗೆ ಬೇಕಾದಲ್ಲಿ ಮಾತ್ರ ಬರುತ್ತವೆ. ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಿಟ್ ಗಟ್ಟಿಯಾಗಿದೆ, ಕೊಳ್ಳಬಹುದು. ಆದರೆ ಇದರ ಹಿಂದಿನ ತಲೆಮಾರಿನ ಕಿಟ್ ಐಡೆಂಟಿಫೈಲರ್ ಕಾಲದ ಅಭ್ಯಾಸಗಳನ್ನು ಹಾಗೇ ಇಟ್ಟುಕೊಂಡು ಇದನ್ನು ಓಡಿಸಿದರೆ ದುಡ್ಡು ದಂಡ. ಕಿಟ್ ಮೇಲೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ.

ಐಡೆಂಟಿಫೈಲರ್ ನೋಡುತ್ತಿದ್ದದ್ದು 15 ಎಸ್‌ಟಿಆರ್ ಲೋಕಸ್ (ಡಿಎನ್‌ಎ ಮೇಲಿನ ಗೊತ್ತಾದ ಜಾಗ) ಮತ್ತು ಲಿಂಗ ತಿಳಿಸುವ ಅಮೆಲೋಜೆನಿನ್. ಗ್ಲೋಬಲ್‌ಫೈಲರ್ 24 ನೋಡುತ್ತದೆ: 21 ಆಟೋಸೋಮಲ್ (ಲಿಂಗ ಕ್ರೋಮೊಸೋಮ್ ಅಲ್ಲದವುಗಳ) ಎಸ್‌ಟಿಆರ್, ಅಮೆಲೋಜೆನಿನ್, ವೈ ಕ್ರೋಮೊಸೋಮಿನ ಡಿವೈಎಸ್391, ಜೊತೆಗೆ ವೈ ಇಂಡೆಲ್ ಎಂಬ ಇನ್ನೊಂದು ಗುರುತು. ಅಮೆರಿಕದ ಎಫ್‌ಬಿಐ ತನ್ನ ಕೋಡಿಸ್ ಎಂಬ ಡಿಎನ್‌ಎ ದತ್ತಾಂಶಕ್ಕೆ ಬೇಕಾದ ಲೋಕಸ್‌ಗಳನ್ನು 2017ರ ಜನವರಿ 1ರಿಂದ 13ರಿಂದ 20ಕ್ಕೆ ಏರಿಸಿತು. ಆ ಇಪ್ಪತ್ತೂ ಇದರಲ್ಲಿವೆ, ಮೇಲೆ ಎಸ್‌ಇ33 ಎಂಬ ಇನ್ನೊಂದು. ಭಾರತದಲ್ಲಿ ಡಿಎನ್‌ಎ ದತ್ತಾಂಶಕ್ಕಾಗಿ ಸಿದ್ಧವಾಗಿದ್ದ ಮಸೂದೆಯನ್ನು ಸರ್ಕಾರ 2023ರ ಜುಲೈನಲ್ಲಿ ಲೋಕಸಭೆಯಿಂದ ಹಿಂದಕ್ಕೆ ಪಡೆಯಿತು. ಹಾಗಾಗಿ ಇಂತಿಷ್ಟೇ ಲೋಕಸ್ ಇರಬೇಕೆಂದು ಆ ಮಸೂದೆಯ ಕಡೆಯಿಂದ ಒತ್ತಾಯವಿಲ್ಲ. ನಮ್ಮ ಲ್ಯಾಬುಗಳಿಗೆ ಮುಖ್ಯವಾದದ್ದು ಬೇರೆ: ಐಡೆಂಟಿಫೈಲರಿನ ಹದಿನೈದೂ ಲೋಕಸ್ ಗ್ಲೋಬಲ್‌ಫೈಲರಿನಲ್ಲಿವೆ. ಹತ್ತು ವರ್ಷದ ಹಿಂದಿನ ಕಡತದ ಪ್ರೊಫೈಲನ್ನು ಇವತ್ತಿನದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಬಹುದು.

ಹಳೆಯ ಕಡತಗಳೆಲ್ಲ ಪವರ್‌ಪ್ಲೆಕ್ಸ್ 16 ಅಥವಾ 21ರಲ್ಲಿ ಆಗಿರುವ ಲ್ಯಾಬಿಗೆ ಈ ಮಾತು ಹೊಂದುವುದಿಲ್ಲ. ಅವುಗಳಲ್ಲಿರುವ ಪೆಂಟಾ ಡಿ, ಪೆಂಟಾ ಇ ಲೋಕಸ್‌ಗಳು ಗ್ಲೋಬಲ್‌ಫೈಲರಿನಲ್ಲಿ ಇಲ್ಲವೇ ಇಲ್ಲ. ಅಂಥವರು ಫ್ಯೂಷನ್ 6ಸಿ ಕಡೆ ನೋಡುವುದೇ ಸರಿ. ಅದರ 27 ಲೋಕಸ್‌ಗಳಲ್ಲಿ ಎರಡೂ ಪೆಂಟಾಗಳಿವೆ, ವೈ ಗುರುತುಗಳೂ ಮೂರಿವೆ. ಕಿಟ್ ಆರಿಸುವಾಗ ಕಂಪನಿಯ ಪ್ರತಿನಿಧಿ ತೋರಿಸುವ ಚಾರ್ಟಿಗಿಂತ ಬೀರುವಿನಲ್ಲಿರುವ ಹಳೆಯ ವರದಿಗಳು ಹೆಚ್ಚು ಹೇಳುತ್ತವೆ. ಇನ್ನೊಂದು ಎಚ್ಚರಿಕೆ. ಎರಡು ಕಿಟ್‌ಗಳ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರುವ ಡಿಎನ್‌ಎ ಚೂರು) ಕೂರುವ ಜಾಗ ಬೇರೆ ಬೇರೆ ಇರಬಹುದು. ಪ್ರೈಮರ್ ಕೂರುವಲ್ಲೇ ಒಂದು ಅಕ್ಷರ ಬದಲಾಗಿದ್ದರೆ ಒಂದು ಕಿಟ್‌ನಲ್ಲಿ ಆ ಅಲೀಲ್ (ಲೋಕಸ್‌ನಲ್ಲಿ ತಂದೆಯಿಂದ ಅಥವಾ ತಾಯಿಯಿಂದ ಬಂದ ರೂಪ) ಕಾಣಿಸುವುದೇ ಇಲ್ಲ. ಹಳೆಯ ವರದಿಯಲ್ಲಿ ಒಂದೇ ಅಲೀಲ್, ಹೊಸದರಲ್ಲಿ ಎರಡು ಎಂದಾಕ್ಷಣ ಬೇರೆ ವ್ಯಕ್ತಿ ಎಂದು ಬರೆದುಬಿಡಬಾರದು. ಎರಡೂ ಮಾದರಿಯನ್ನು ಒಂದೇ ಕಿಟ್‌ನಲ್ಲಿ ಮತ್ತೆ ಓಡಿಸಬೇಕು.

ಈಗ ಪ್ರಯೋಗದ ಮೇಜಿಗೆ ಬರೋಣ. ಒಂದು ಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ) ರಿಯಾಕ್ಷನ್‌ಗೆ ಮಾಸ್ಟರ್ ಮಿಕ್ಸ್ (ಕಿಣ್ವವಿರುವ ದ್ರವ) 7.5 ಮೈಕ್ರೊಲೀಟರ್, ಪ್ರೈಮರ್ ಸೆಟ್ 2.5, ಮಾದರಿ 15, ಒಟ್ಟು 25. ಕಂಟ್ರೋಲ್‌ಗಳೂ (ರನ್ ಸರಿಯಿದೆಯೇ ಎಂದು ತೋರುವ ಟ್ಯೂಬುಗಳು) ಸೇರಿ 20 ಟ್ಯೂಬ್ ಇದ್ದರೆ 22ಕ್ಕೆ ಲೆಕ್ಕ ಹಾಕಿ: ಮಾಸ್ಟರ್ ಮಿಕ್ಸ್ 165, ಪ್ರೈಮರ್ 55, ಕಲಸಿ ಪ್ಲೇಟಿನ ಪ್ರತಿ ಬಾವಿಗೆ (ಕುಳಿಗೆ) ಹತ್ತು ಹತ್ತು. ಎರಡನ್ನೂ ಮೊದಲು ಮೂರು ಸೆಕೆಂಡ್ ವೋರ್ಟೆಕ್ಸ್ ಮಾಡಿ, ಸಣ್ಣಗೆ ಸ್ಪಿನ್ ಕೊಟ್ಟು ತೆಗೆದುಕೊಳ್ಳಬೇಕು. ಮಾಸ್ಟರ್ ಮಿಕ್ಸ್ ತಳದಲ್ಲಿ ಮಂದವಾಗಿ ಕೂತಿದ್ದರೆ ಮೊದಲ ಟ್ಯೂಬುಗಳಿಗೂ ಕೊನೆಯ ಟ್ಯೂಬುಗಳಿಗೂ ಪೀಕ್ (ಗ್ರಾಫ್‌ನಲ್ಲಿ ಪ್ರತಿ ಅಲೀಲ್‌ಗೂ ಏಳುವ ಶಿಖರ) ಎತ್ತರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಐಡೆಂಟಿಫೈಲರಿನಲ್ಲಿ ಮಾದರಿಗೆ ಇದ್ದ ಜಾಗ 10 ಮೈಕ್ರೊಲೀಟರ್. ಇಲ್ಲಿ 15. ಕ್ಷೀಣ ಮಾದರಿಗೆ ಇದು ನಿಜವಾದ ಲಾಭ. ಆದರೆ ಇದೇ ಜಾಗದಲ್ಲಿ ಮೊದಲ ಎಡವಟ್ಟೂ ಆಗುತ್ತದೆ. ಕಿಟ್ ಬಯಸುವುದು 29 ಸೈಕಲ್‌ಗೆ 1 ನ್ಯಾನೋಗ್ರಾಂ ಡಿಎನ್‌ಎ. ಅಂದರೆ 15 ಮೈಕ್ರೊಲೀಟರ್‌ನಲ್ಲಿ ಪ್ರತಿ ಮೈಕ್ರೊಲೀಟರ್‌ಗೆ 0.067 ನ್ಯಾನೋಗ್ರಾಂ ಸಾಕು. ಜಾಗ ಇದೆಯಲ್ಲ ಎಂದು ಮೈಕ್ರೊಲೀಟರ್‌ಗೆ 1 ನ್ಯಾನೋಗ್ರಾಂ ಸಾಂದ್ರತೆಯ ಡಿಎನ್‌ಎ ಸಾರವನ್ನು ಪೂರ್ತಿ 15 ಸುರಿದರೆ ಹದಿನೈದು ಪಟ್ಟು ಹೆಚ್ಚಾಯಿತು. ಪೀಕ್‌ಗಳು ಯಂತ್ರದ ಮಿತಿ ದಾಟಿ ತಲೆ ಚಪ್ಪಟೆಯಾಗುತ್ತವೆ, ಪಕ್ಕದ ಬಣ್ಣಗಳಲ್ಲಿ ಸುಳ್ಳು ಪೀಕ್ ಏಳುತ್ತವೆ, ಪ್ರತಿ ಅಲೀಲ್‌ನ ಎಡಗಡೆ ಒಂದು ಬೇಸ್ (ಡಿಎನ್‌ಎಯ ಒಂದು ಅಕ್ಷರ) ಕಡಿಮೆ ಇರುವ ಹೆಗಲು ಮೂಡುತ್ತದೆ. ಪಿಸಿಆರ್ ಕಿಣ್ವ ಪ್ರತಿ ತುಣುಕಿನ ತುದಿಗೆ ಒಂದು ಎ ಸೇರಿಸಬೇಕು. ತುಣುಕುಗಳು ವಿಪರೀತವಾದಾಗ ಅದಕ್ಕೆ ಪೂರೈಸುವುದಿಲ್ಲ, ಅದರ ಫಲವೇ ಈ ಹೆಗಲು. ಟಿಎಚ್01ರಲ್ಲಿ ಇದು ಅಪಾಯಕಾರಿ. ಅಲ್ಲಿ 9.3 ಎಂಬ ಸಾಮಾನ್ಯ ಅಲೀಲ್ 10ಕ್ಕಿಂತ ಸರಿಯಾಗಿ ಒಂದು ಬೇಸ್ ಮಾತ್ರ ಚಿಕ್ಕದು. 10ರ ಹೆಗಲು ಹೋಗಿ ಕೂರುವುದು 9.3ರ ಜಾಗದಲ್ಲೇ. ಮಿಶ್ರ ಮಾದರಿಯಲ್ಲಿ ಅದನ್ನು ಇನ್ನೊಬ್ಬ ವ್ಯಕ್ತಿಯ ಅಲೀಲ್ ಎಂದು ಓದಿಬಿಟ್ಟರೆ ಕಥೆ ಮುಗಿಯಿತು. ಪರಿಹಾರ ಸರಳ: ಮಾದರಿಯನ್ನು ತೆಳು ಮಾಡಿ ಮತ್ತೆ ಪಿಸಿಆರ್ ಮಾಡುವುದು. ಯಂತ್ರ ಡಿಎನ್‌ಎಯನ್ನು ಒಳಗೆಳೆದುಕೊಳ್ಳುವ ಇಂಜೆಕ್ಷನ್ ಸಮಯ ಕಡಿಮೆ ಮಾಡಿದರೆ ಪೀಕ್ ಕುಗ್ಗೀತು, ಹೆಗಲು ಹೋಗದು.

ತೆಳು ಮಾಡಲು ಯಾವ ಬಫರ್ ಎಂಬುದೂ ಮುಖ್ಯ. ಲೋ ಟಿಇ, ಅಂದರೆ 10 ಮಿಲಿಮೋಲಾರ್ ಟ್ರಿಸ್, 0.1 ಮಿಲಿಮೋಲಾರ್ ಇಡಿಟಿಎ, ಪಿಎಚ್ 8. ಕಪಾಟಿನಲ್ಲಿರುವ ಸಾಮಾನ್ಯ ಟಿಇಯಲ್ಲಿ ಇಡಿಟಿಎ ಇದರ ಹತ್ತರಷ್ಟು. ಇಡಿಟಿಎ ಮೆಗ್ನೀಸಿಯಂ ಹಿಡಿದಿಡುತ್ತದೆ. ಮೆಗ್ನೀಸಿಯಂ ಇಲ್ಲದೆ ಪಿಸಿಆರ್ ಕಿಣ್ವ ಕೆಲಸ ಮಾಡದು. ಮಾದರಿಯೇ 25ರಲ್ಲಿ 15 ಭಾಗ ಆಗಿರುವ ಈ ಕಿಟ್‌ನಲ್ಲಿ ಹಳೆಯ ಕಿಟ್‌ಗಿಂತ ಆ ಪೆಟ್ಟು ಜೋರು. ಡಬ್ಬಿಯಲ್ಲಿ ಬರುವ ಕಂಟ್ರೋಲ್ ಡಿಎನ್‌ಎ 007ರ ಸಾಂದ್ರತೆ ಮೈಕ್ರೊಲೀಟರ್‌ಗೆ 0.1 ನ್ಯಾನೋಗ್ರಾಂ, ಅದರ 10 ಮೈಕ್ರೊಲೀಟರ್‌ಗೆ ಲೋ ಟಿಇ 5 ಸೇರಿಸಿದರೆ ಸರಿಯಾಗಿ 1 ನ್ಯಾನೋಗ್ರಾಂ. ಮಾದರಿಗಳು ಮಂಕಾಗಿ 007 ಚೆನ್ನಾಗಿ ಬಂದಿದೆ ಎಂದರೆ ಮಾದರಿಯ ಬಫರ್ ಅಥವಾ ಅದರೊಳಗಿನ ಕಲ್ಮಶ ಕಾರಣ. 007 ಕೂಡ ಮಂಕಾಗಿದ್ದರೆ ಪಿಸಿಆರ್ ಯಂತ್ರದ ಕಡೆ ನೋಡಿ.

ಆ ಯಂತ್ರದ ವಿಷಯದಲ್ಲಿ ಹಳೆಯ ಅಭ್ಯಾಸ ಹೆಚ್ಚು ಕಾಡುತ್ತದೆ. ಐಡೆಂಟಿಫೈಲರಿನ ಕಾರ್ಯಕ್ರಮ ಮೂರು ಗಂಟೆಯ ಆಸುಪಾಸು: 95 ಡಿಗ್ರಿಯಲ್ಲಿ 11 ನಿಮಿಷ, ಆಮೇಲೆ ಮೂರು ಹಂತದ 28 ಸೈಕಲ್, ಕೊನೆಗೆ 60 ಡಿಗ್ರಿಯಲ್ಲಿ ಒಂದು ಗಂಟೆ, ಎಲ್ಲವೂ ಹಳೆಯ 9600 ಯಂತ್ರದ ಅನುಕರಣೆಯ ನಿಧಾನ ವೇಗದಲ್ಲಿ. ಗ್ಲೋಬಲ್‌ಫೈಲರ್ ಎರಡೇ ಹಂತದ್ದು. 95 ಡಿಗ್ರಿಯಲ್ಲಿ 1 ನಿಮಿಷ. 94ರಲ್ಲಿ 10 ಸೆಕೆಂಡ್ ಮತ್ತು 59ರಲ್ಲಿ 90 ಸೆಕೆಂಡ್, ಹೀಗೆ 29 ಸೈಕಲ್. ಕೊನೆಗೆ 60ರಲ್ಲಿ 10 ನಿಮಿಷ. ಸುಮಾರು 80 ನಿಮಿಷದಲ್ಲಿ ಮುಗಿಯುತ್ತದೆ. 9700 ಯಂತ್ರದಲ್ಲಿ ವೇಗ ಮ್ಯಾಕ್ಸ್‌ನಲ್ಲಿರಬೇಕು, ಬ್ಲಾಕ್ ಬೆಳ್ಳಿಯದು ಅಥವಾ ಚಿನ್ನದ ಲೇಪದ್ದಾಗಿರಬೇಕು. ಅಲ್ಯೂಮಿನಿಯಂ ಬ್ಲಾಕ್ ಬೇಡ. ವೆರಿಟಿ ಯಂತ್ರವಾದರೆ ವೇಗ 100 ಪ್ರತಿಶತ. ಯಾರೋ ಹಳೆಯ ಮೆಥಡ್ ನಕಲು ಮಾಡಿ ಡಿಗ್ರಿ, ಸೆಕೆಂಡು ಮಾತ್ರ ಬದಲಿಸಿ 9600 ಅನುಕರಣೆ ಹಾಗೇ ಬಿಟ್ಟಿರುತ್ತಾರೆ. ಯಂತ್ರ ಯಾವ ದೋಷವನ್ನೂ ತೋರಿಸುವುದಿಲ್ಲ. ರನ್ ತಡವಾಗಿ ಮುಗಿಯುತ್ತದೆ, ಲೋಕಸ್‌ಗಳ ನಡುವಿನ ಸಮತೋಲನ ತಪ್ಪುತ್ತದೆ, ಕಿಟ್ ಸರಿಯಿಲ್ಲ ಎಂದು ದೂರು ಹೋಗುತ್ತದೆ.

ಪಿಸಿಆರ್‌ಗೆ ಮೊದಲು ಪ್ರಮಾಣ ಅಳೆಯುವ ಕೆಲಸವನ್ನು ಕಡೆಗಣಿಸುವವರಿಗೆ ಈ ಕಿಟ್ ಕೊಡಲೇಬಾರದು ಅನ್ನಿಸುತ್ತದೆ. ಅದನ್ನು ಅಳೆಯುವ ಕ್ವಾಂಟಿಫೈಲರ್ ಟ್ರಯೊ ಕಿಟ್ ಜೊತೆಗಿದ್ದರೆ ಅರ್ಧ ತಲೆನೋವು ಕಡಿಮೆ. ಅದು 80 ಬೇಸ್‌ನ ಸಣ್ಣ ಗುರಿ, 214 ಬೇಸ್‌ನ ದೊಡ್ಡ ಗುರಿ, 75 ಬೇಸ್‌ನ ಗಂಡು ಗುರಿ, ಮೂರನ್ನೂ ಒಟ್ಟಿಗೆ ಅಳೆಯುತ್ತದೆ. ಸಣ್ಣದನ್ನು ದೊಡ್ಡದರಿಂದ ಭಾಗಿಸಿದರೆ ಬರುವುದು ಡಿಗ್ರಡೇಷನ್ ಇಂಡೆಕ್ಸ್. 1ರ ಹತ್ತಿರವಿದ್ದರೆ ಡಿಎನ್‌ಎ ಇಡಿಯಾಗಿದೆ. 10 ದಾಟಿದರೆ ಚೂರುಚೂರು. ಚೂರಾಗಿರುವ ಮಾದರಿಗೆ ಸಣ್ಣ ಗುರಿಯ ಅಂಕಿ ನೋಡಿ 1 ನ್ಯಾನೋಗ್ರಾಂ ಹಾಕಿದರೆ ದೊಡ್ಡ ಲೋಕಸ್‌ಗಳಿಗೆ ಏನೂ ಸಿಗುವುದಿಲ್ಲ. ಅಲ್ಲಿ ಸಣ್ಣ ಲೋಕಸ್‌ಗಳು ಮಿತಿ ಮೀರದಷ್ಟು ನೋಡಿಕೊಂಡು ಹೆಚ್ಚು ಹಾಕಬೇಕಾಗುತ್ತದೆ. ಅತ್ಯಾಚಾರ ಪ್ರಕರಣದ ಸ್ವಾಬ್‌ನಲ್ಲಿ ಗಂಡಿನ ಪಾಲು ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದು ಟ್ರಯೊ ಹೇಳಿದರೆ ಗ್ಲೋಬಲ್‌ಫೈಲರ್ ರಿಯಾಕ್ಷನ್ ಅಲ್ಲಿ ವ್ಯರ್ಥವಾಗುವುದೇ ಹೆಚ್ಚು. ನೇರ ವೈ ಎಸ್‌ಟಿಆರ್ ಕಿಟ್‌ಗೆ ಹೋಗಬಹುದು.

ಸಂಖ್ಯೆಗಳ ಅಂದಾಜು ಇಟ್ಟುಕೊಂಡಿರಬೇಕು. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ. 1 ನ್ಯಾನೋಗ್ರಾಂ ಎಂದರೆ ನೂರೈವತ್ತು ಕೋಶ; 100 ಪಿಕೋಗ್ರಾಂ ಎಂದರೆ ಹದಿನೈದು. ಹದಿನೈದು ಕೋಶದಲ್ಲಿ ತಂದೆಯಿಂದ ಬಂದ ಅಲೀಲ್ ಎಷ್ಟು, ತಾಯಿಯದೆಷ್ಟು ಪಿಪೆಟ್‌ಗೆ ಸಿಕ್ಕಿತು ಎಂಬುದು ಅದೃಷ್ಟದ ಮಾತು. 1 ನ್ಯಾನೋಗ್ರಾಂ ಇದ್ದಾಗ ಜೋಡಿ ಪೀಕ್‌ಗಳಲ್ಲಿ ಚಿಕ್ಕದು ದೊಡ್ಡದರ 70 ಪ್ರತಿಶತಕ್ಕಿಂತ ಕೆಳಗಿಳಿಯುವುದು ಅಪರೂಪ. ನೂರು ಪಿಕೋಗ್ರಾಂನಲ್ಲಿ ಅದು ಅರ್ಧಕ್ಕಿಳಿಯಬಹುದು, ಪೂರ್ತಿ ಮಾಯವೂ ಆಗಬಹುದು. ಗ್ಲೋಬಲ್‌ಫೈಲರ್ ಎಷ್ಟೇ ಸೂಕ್ಷ್ಮವಾಗಿದ್ದರೂ ಟ್ಯೂಬಿಗೆ ಬಾರದ ಅಣುವನ್ನು ಹುಟ್ಟಿಸಲಾರದು. 30 ಸೈಕಲ್ ಓಡಿಸುವ ಅವಕಾಶ ಇದೆ, ಆದರೆ ಸೈಕಲ್ ಏರಿಸಿದರೆ ಪೀಕ್ ಎತ್ತರವಾಗುತ್ತದೆಯೇ ಹೊರತು ಅಸಮತೋಲನ ಸರಿಹೋಗುವುದಿಲ್ಲ. ಹೊರಗಿನಿಂದ ಬಂದ ಒಂದೆರಡು ಕೋಶದ ಅಲೀಲೂ ಅದರೊಂದಿಗೆ ತಲೆ ಎತ್ತುತ್ತದೆ.

ದುಡ್ಡು ಉಳಿಸಲು ಅರ್ಧ ರಿಯಾಕ್ಷನ್, 12.5 ಮೈಕ್ರೊಲೀಟರ್‌ನಲ್ಲಿ ಓಡಿಸುವ ಪದ್ಧತಿ ಹಲವೆಡೆ ಇದೆ. ಆರೋಪಿಯ, ತಂದೆ ತಾಯಿಯ ರಕ್ತದ ಮಾದರಿಗಳಿಗೆ ಅಡ್ಡಿಯಿಲ್ಲ, ಲ್ಯಾಬ್ ತಾನೇ ಮೌಲ್ಯಾಂಕನ ಮಾಡಿಟ್ಟುಕೊಂಡಿದ್ದರೆ. ಸ್ಥಳದ ಮಾದರಿಗೆ ಬೇಡ. ಮಾದರಿಯ ಜಾಗ ಏಳೂವರೆಗೆ ಇಳಿಯಿತು ಎಂದರೆ ಈ ಕಿಟ್ ಕೊಂಡ ಮುಖ್ಯ ಲಾಭವನ್ನೇ ಬಿಟ್ಟುಕೊಟ್ಟಂತೆ. ಕೆನ್ನೆಯ ಸ್ವಾಬ್, ಎಫ್‌ಟಿಎ ಕಾರ್ಡುಗಳೇ (ಮಾದರಿ ಒಣಗಿಸಿಡುವ ಕಾಗದ) ಹೆಚ್ಚು ಬರುವ ಲ್ಯಾಬು ಗ್ಲೋಬಲ್‌ಫೈಲರ್ ಎಕ್ಸ್‌ಪ್ರೆಸ್ ನೋಡಲಿ, 1.2 ಮಿಲಿಮೀಟರ್ ಪಂಚ್‌ನಿಂದ ಡಿಎನ್‌ಎ ತೆಗೆಯದೆಯೇ ನೇರ ಪಿಸಿಆರ್ ಅದರಲ್ಲಿ ಸಾಧ್ಯ. ಹೆಸರು ಒಂದೇ ಆದರೂ ಡಬ್ಬಿ ಬೇರೆ. ಒಂದರ ಪ್ರೈಮರ್, ಇನ್ನೊಂದರ ಮಾಸ್ಟರ್ ಮಿಕ್ಸ್ ಕಲಸಿ ಉಳಿಸಲು ಹೋಗಬೇಡಿ.

ಕೊಳೆತ, ಸುಟ್ಟ ದೇಹಗಳ ಗುರುತು ಪತ್ತೆಯಲ್ಲಿ ಈ ಕಿಟ್ ತನ್ನ ಬೆಲೆ ತೀರಿಸುತ್ತದೆ. ಹತ್ತು ಲೋಕಸ್‌ಗಳು ಪೂರ್ತಿಯಾಗಿ 220 ಬೇಸ್‌ಗಿಂತ ಕೆಳಗಿವೆ: ಡಿ3ಎಸ್1358, ವಿಡಬ್ಲ್ಯುಎ, ಡಿ8ಎಸ್1179, ಡಿ2ಎಸ್441, ಡಿ19ಎಸ್433, ಟಿಎಚ್01, ಡಿ22ಎಸ್1045, ಡಿ5ಎಸ್818, ಡಿ10ಎಸ್1248, ಡಿ1ಎಸ್1656. ಐದು ಬಣ್ಣಗಳಲ್ಲೂ ಗ್ರಾಫ್‌ನ ಎಡಭಾಗದಲ್ಲಿ ಸಣ್ಣ ಲೋಕಸ್ ಇರುವಂತೆ ಜೋಡಿಸಿದ್ದಾರೆ. ಆರನೆಯ ಬಣ್ಣ ತುಣುಕಿನ ಉದ್ದ ತಿಳಿಸುವ ಅಳತೆಗೋಲಿಗೆ. ಚೂರಾದ ಡಿಎನ್‌ಎಯಲ್ಲಿ ಪ್ರತಿ ಬಣ್ಣದ ಸಾಲೂ ಎಡದಿಂದ ಬಲಕ್ಕೆ ಜಾರುಬಂಡಿಯ ಹಾಗೆ ಇಳಿಯುತ್ತದೆ. ಮೊದಲು ಬಿದ್ದುಹೋಗುವುದು ಬಲತುದಿಯ ಟಿಪಿಒಎಕ್ಸ್, ಎಸ್‌ಇ33, ಡಿ2ಎಸ್1338, ಡಿವೈಎಸ್391. ಆದರೂ ಎಡಗಡೆಯ ಎಂಟು ಹತ್ತು ಲೋಕಸ್ ಕೈಗೆ ಸಿಗುತ್ತವೆ. ಐಡೆಂಟಿಫೈಲರಿನಲ್ಲಿ ಅದೇ ಮೂಳೆ ಕೊಡುತ್ತಿದ್ದದ್ದು ಇದಕ್ಕಿಂತ ಕಡಿಮೆ.

2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 158 ಜನ ಸತ್ತರು. ದೇಹಗಳಲ್ಲಿ ಹೆಚ್ಚಿನವನ್ನು ಬಟ್ಟೆ, ಒಡವೆ, ಚಹರೆ ನೋಡಿ ಬಂಧುಗಳಿಗೆ ಒಪ್ಪಿಸಿದ್ದರು. ಉಳಿದವಕ್ಕೆ ಹೈದರಾಬಾದಿನ ಸಿಡಿಎಫ್‌ಡಿ (ಡಿಎನ್‌ಎ ಬೆರಳಚ್ಚು ಕೇಂದ್ರ) ಡಿಎನ್‌ಎ ಪರೀಕ್ಷೆ ಮಾಡಿದಾಗ ಹಲವು ದೇಹ ಕಾದು ಕೂತಿದ್ದ ಯಾವ ಕುಟುಂಬಕ್ಕೂ ಹೊಂದಲಿಲ್ಲ. ಯಾವ ಕಿಟ್ ಇದ್ದರೂ ಅದು ಬದಲಾಗುತ್ತಿರಲಿಲ್ಲ. ಪರೀಕ್ಷೆಗೆ ಮೊದಲೇ ದೇಹ ಕೊಟ್ಟುಬಿಟ್ಟರೆ ಹೊಂದಿಸಲು ಎದುರು ಮಾದರಿಯೇ ಇರುವುದಿಲ್ಲ.

ವೈ ಗುರುತುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ದೇಶದಲ್ಲಿ ಇದಕ್ಕೆ ಬೇರೆಯೇ ತೂಕವಿದೆ. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ತಂಗರಾಜ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 270 ಭಾರತೀಯ ಗಂಡಸರ ಪೈಕಿ 5 ಜನರಲ್ಲಿ ಅಮೆಲೋಜೆನಿನ್‌ನ ವೈ ಭಾಗ ಕಾಣಿಸಲೇ ಇಲ್ಲ. ಅಂಥವರ ಪ್ರೊಫೈಲ್ ಹಳೆಯ ಕಿಟ್‌ನಲ್ಲಿ ಹೆಂಗಸಿನದೆಂದು ಕಾಣುತ್ತದೆ. ಗ್ಲೋಬಲ್‌ಫೈಲರಿನಲ್ಲಿ ಡಿವೈಎಸ್391 ಮತ್ತು ವೈ ಇಂಡೆಲ್ ಎರಡೂ ಅಮೆಲೋಜೆನಿನ್ ಇರುವ ಜಾಗದಿಂದ ದೂರ ಇವೆ. ಅಳಿಸಿಹೋದ ತುಂಡಿನ ಜೊತೆ ಇವು ಹೋಗಿರುವುದಿಲ್ಲ. ಅಮೆಲೋಜೆನಿನ್‌ನಲ್ಲಿ ಎಕ್ಸ್ ಮಾತ್ರ, ಉಳಿದ ಎರಡರಲ್ಲೂ ಪೀಕ್ ಎಂದರೆ ಗಂಡಸೇ. ಸುಟ್ಟ ಮೂಳೆಯಲ್ಲಿ ಮಾತ್ರ ಹುಷಾರು. ಡಿವೈಎಸ್391 ತುಣುಕು 365 ಬೇಸ್‌ನಿಂದ ಶುರುವಾಗುತ್ತದೆ, ಬೇಗ ಬಿದ್ದುಹೋಗುತ್ತದೆ. ಆಗ ಉಳಿಯುವ ಸಾಕ್ಷಿ 80ರ ಆಸುಪಾಸಿನ ವೈ ಇಂಡೆಲ್ ಒಂದೇ. ಅನಾಮಧೇಯ ಶವದ ವರದಿಯಲ್ಲಿ ಲಿಂಗ ಬರೆಯುವ ಮುನ್ನ ಆ ಪುಟ್ಟ ಪೀಕನ್ನು ನೋಡದೆ ಬಿಡಬಾರದು. ಈ ಒಂದು ಕಾರಣಕ್ಕೇ ಭಾರತದ ಲ್ಯಾಬುಗಳು ಹಳೆಯ ಕಿಟ್ ಬಿಟ್ಟು ಈ ತಲೆಮಾರಿಗೆ ಬರಬೇಕು ಎನ್ನಬಹುದು.

ಇನ್ನು ಕೊರತೆಗಳು. ಮೂಲ ಗ್ಲೋಬಲ್‌ಫೈಲರಿನಲ್ಲಿ ಪಿಸಿಆರ್ ನಡೆಯಿತೋ ಇಲ್ಲವೋ ಎಂದು ಹೇಳುವ ಒಳಗಿನ ಸಾಕ್ಷಿ ಇಲ್ಲ. ಖಾಲಿ ಪ್ರೊಫೈಲ್ ಬಂದರೆ ಡಿಎನ್‌ಎ ಇರಲಿಲ್ಲವೋ, ಕಲ್ಮಶ ಪಿಸಿಆರನ್ನು ತಡೆಯಿತೋ, ಪಿಪೆಟ್ ಮಾಡುವವರು ಬಾವಿ ಬಿಟ್ಟರೋ ಹೇಳಲಾಗದು. 24ಪ್ಲೆಕ್ಸ್ ಕ್ಯುಎಸ್ ಇಲ್ಲೇ ಮುಂದಿದೆ. ಅದರಲ್ಲಿ ಮಾದರಿಗೆ ಸಂಬಂಧವಿಲ್ಲದ ಒಂದು ಸಣ್ಣ, ಒಂದು ದೊಡ್ಡ ಪೀಕ್ ಪ್ರತಿ ಬಾವಿಯಲ್ಲೂ ಬರಬೇಕು. ಎರಡೂ ಬಂದು ಮಾದರಿಯ ದೊಡ್ಡ ಲೋಕಸ್‌ಗಳು ಬಿದ್ದಿದ್ದರೆ ಡಿಎನ್‌ಎ ಚೂರಾಗಿದೆ. ಆ ದೊಡ್ಡ ಪೀಕೂ ಬಿದ್ದಿದ್ದರೆ ಕಲ್ಮಶವಿದೆ. ಥರ್ಮೊ ಫಿಶರ್ ನಂತರ ತಂದ ಗ್ಲೋಬಲ್‌ಫೈಲರ್ ಐಕ್ಯುಸಿಯಲ್ಲಿ ಇದೇ ಬಗೆಯ ಎರಡು ಪೀಕ್ ಸೇರಿಸಿದ್ದಾರೆ. ಹೊಸದಾಗಿ ಕೊಳ್ಳುವವರು ಟೆಂಡರ್‌ನಲ್ಲಿ ಬರೀ ಗ್ಲೋಬಲ್‌ಫೈಲರ್ ಎಂದು ಬರೆಯದೆ ಐಕ್ಯುಸಿ ಎಂದು ಸ್ಪಷ್ಟವಾಗಿ ಬರೆಯಲಿ. ಎಲೆ ಕೊಳೆತ ಮಣ್ಣಿನಲ್ಲಿ ಹೂತ ಮೂಳೆಯ ಹ್ಯೂಮಿಕ್ ಆಮ್ಲ, ಜೀನ್ಸ್ ಬಟ್ಟೆಯ ನೀಲಿ, ಒಣರಕ್ತದ ಹೆಮಾಟಿನ್ ಎಲ್ಲವೂ ಪಿಸಿಆರ್‌ಗೆ ಅಡ್ಡಿಯೇ. ಈ ಕಿಟ್ ಹಳೆಯದಕ್ಕಿಂತ ಇವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಮಿತಿ ಇದೆ. ಐದು ಪಟ್ಟು ತೆಳು ಮಾಡಿ ಓಡಿಸಿದಾಗ ಪೀಕ್ ಇಳಿಯುವ ಬದಲು ಏರಿದರೆ ಕಲ್ಮಶವಿತ್ತು ಎಂದೇ ಅರ್ಥ.

ಎರಡನೆಯ ಕೊರತೆ ಆರನೆಯ ಬಣ್ಣದಿಂದಲೇ ಬರುವಂಥದ್ದು. ನೀಲಿ, ಹಸಿರು, ಹಳದಿ, ಕೆಂಪು, ನೇರಳೆ, ಅಳತೆಗೋಲಿನ ಕಿತ್ತಳೆ; ಆರು ಬಣ್ಣಗಳ ಬೆಳಕು ಒಂದರ ಮೇಲೊಂದು ಚಾಚಿಕೊಂಡಿರುತ್ತದೆ. ಪೀಕ್‌ಗಳನ್ನು ಓದುವ 3500 ಯಂತ್ರದಲ್ಲಿ ಡಿಎಸ್-36 ಮ್ಯಾಟ್ರಿಕ್ಸ್ ಸ್ಟ್ಯಾಂಡರ್ಡ್ ಹಾಕಿ ಜೆ6 ಡೈ ಸೆಟ್‌ಗೆ ಸ್ಪೆಕ್ಟ್ರಲ್ (ಬಣ್ಣಗಳನ್ನು ಬೇರ್ಪಡಿಸುವ ಹೊಂದಾಣಿಕೆ) ಮಾಡಲೇಬೇಕು. ಐಡೆಂಟಿಫೈಲರಿಗೆ ಮಾಡಿದ್ದ ಡಿಎಸ್-33, ಜಿ5 ಇಲ್ಲಿ ನಡೆಯದು. ಕ್ಯಾಪಿಲರಿ (ಡಿಎನ್‌ಎ ಹಾಯುವ ಕೂದಲೆಳೆಯಂಥ ಕೊಳವೆ) ಬದಲಿಸಿದಾಗ, ಲೇಸರ್ ಸರ್ವಿಸ್ ಆದಾಗ ಮತ್ತೆ ಮಾಡಬೇಕು. ಸ್ಪೆಕ್ಟ್ರಲ್ ಹಳತಾಗಿದ್ದರೆ ಪುಲ್‌ಅಪ್ ಕಾಟ ಶುರು. ನೀಲಿಯ ದೊಡ್ಡ ಪೀಕ್ ಕೆಳಗೆ, ಸರಿಯಾಗಿ ಅದೇ ಜಾಗದಲ್ಲಿ, ಹಸಿರಿನಲ್ಲೊಂದು ಪುಟ್ಟ ಪೀಕ್. ಒಬ್ಬನೇ ವ್ಯಕ್ತಿಯ ಮಾದರಿಯಲ್ಲಿ ಕಣ್ಣಿಗೆ ಬೀಳುತ್ತದೆ. ಮಿಶ್ರ ಮಾದರಿಯಲ್ಲಿ ಅದೇ ಎರಡನೆಯವನ ಅಲೀಲ್ ಎನಿಸಿಬಿಡುತ್ತದೆ. ಸಂದೇಹ ಬಂದ ಪ್ರತಿ ಸಣ್ಣ ಪೀಕ್‌ಗೂ ಬೇರೆ ಬಣ್ಣಗಳಲ್ಲಿ ಅದೇ ಸ್ಕ್ಯಾನ್ ಬಿಂದುವಿನಲ್ಲಿ ಏನಿದೆ ಎಂದು ನೋಡುವುದು ಈ ಕಿಟ್‌ನ ಓದಿನಲ್ಲಿ ಕಡ್ಡಾಯ ಹೆಜ್ಜೆ.

ಕ್ಯಾಪಿಲರಿಗೆ ಹಾಕುವ ಲೆಕ್ಕ: ಪ್ರತಿ ಬಾವಿಗೆ ಹೈಡೈ ಫಾರ್ಮಮೈಡ್ 9.6, ಅಳತೆಗೋಲಿನ ಜೀನ್‌ಸ್ಕ್ಯಾನ್ 600 ಲಿಜ್ ವಿ2.0 ದ್ರವ 0.4, ಪಿಸಿಆರ್ ಫಲ ಅಥವಾ ಲ್ಯಾಡರ್ (ಗೊತ್ತಿರುವ ಅಲೀಲ್‌ಗಳ ಹೋಲಿಕೆ ಮಿಶ್ರಣ) 1 ಮೈಕ್ರೊಲೀಟರ್. 0.4ನ್ನು ಬಾವಿ ಬಾವಿಗೂ ಪಿಪೆಟ್ ಮಾಡುವ ಮಾತೇ ಇಲ್ಲ. 24 ಬಾವಿಗೆ 26ರ ಲೆಕ್ಕದಲ್ಲಿ 249.6 ಮತ್ತು 10.4 ಕಲಸಿ ಹತ್ತು ಹತ್ತು ಹಂಚಬೇಕು. 95 ಡಿಗ್ರಿಯಲ್ಲಿ ಮೂರು ನಿಮಿಷ, ತಕ್ಷಣ ಐಸ್‌ನಲ್ಲಿ ಮೂರು ನಿಮಿಷ. 3500ರಲ್ಲಿ 1.2 ಕಿಲೋವೋಲ್ಟ್, 15 ಸೆಕೆಂಡ್ ಇಂಜೆಕ್ಷನ್. 3500ಎಕ್ಸ್‌ಎಲ್‌ನಲ್ಲಿ 24 ಸೆಕೆಂಡ್. ಫಾರ್ಮಮೈಡ್ ಬಾಟಲನ್ನು ಮತ್ತೆ ಮತ್ತೆ ಕರಗಿಸಿ ಫ್ರೀಜ್ ಮಾಡಿದರೆ ಅದು ಒಡೆದು ಫಾರ್ಮಿಕ್ ಆಮ್ಲವಾಗುತ್ತದೆ. ಆ ಅಯಾನುಗಳು ಡಿಎನ್‌ಎಗಿಂತ ಮೊದಲು ಕ್ಯಾಪಿಲರಿಗೆ ನುಗ್ಗುತ್ತವೆ, ಇಡೀ ಪ್ಲೇಟಿನ ಪೀಕ್ ಕುಗ್ಗುತ್ತದೆ. ಬಂದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿಡಿ, ಉಳಿದದ್ದನ್ನು ಚೆಲ್ಲಿ. ಲ್ಯಾಡರ್ 24 ಮಾದರಿಗೆ ಒಂದಾದರೂ ಬೇಕು. ರಾತ್ರಿ ಎಸಿ ಆರಿಸಿ ಹೋಗುವ ಕಟ್ಟಡದಲ್ಲಿ ಅಷ್ಟು ಸಾಲದು. ಕೋಣೆಯ ಶಾಖ ಏರಿದಂತೆ ತುಣುಕಿನ ಅಳತೆ ಅರ್ಧ ಬೇಸ್ ಸರಿದರೂ ಸಾಕು, ಲ್ಯಾಡರಿನ ಕಿಟಕಿಯಿಂದ ಅಲೀಲ್ ಹೊರಬೀಳುತ್ತದೆ. ಬೆಳಿಗ್ಗೆ ನೋಡಿದರೆ ಪ್ಲೇಟಿನ ಕೊನೆಯ ಸಾಲುಗಳ ತುಂಬ ಓಎಲ್ (ಲ್ಯಾಡರಿಗೆ ಹೊಂದದ್ದು) ಎಂಬ ಗುರುತು.

ಸ್ಟಟರ್ (ನಕಲಾಗುವಾಗ ಕಿಣ್ವ ಜಾರಿ ನಿಜವಾದ ಅಲೀಲ್ ಪಕ್ಕದಲ್ಲಿ ಏಳುವ ಸಣ್ಣ ಪೀಕ್) ವಿಷಯದಲ್ಲಿ ಡಿ22ಎಸ್1045 ಬೇರೆಯೇ ಜಾತಿ. ಉಳಿದ ಬಹುಪಾಲು ಲೋಕಸ್‌ನಲ್ಲಿ ಪುನರಾವರ್ತನೆ ನಾಲ್ಕು ಬೇಸ್‌ನದು, ಇದರಲ್ಲಿ ಮೂರು. ಅಲೀಲ್‌ಗಿಂತ ಒಂದು ಪುನರಾವರ್ತನೆ ಹಿಂದೆಯೂ ಮುಂದೆಯೂ ಗಣನೀಯ ಸ್ಟಟರ್ ಬರುತ್ತದೆ. ಎಲ್ಲಾ ಲೋಕಸ್‌ಗೂ ಒಂದೇ ಸ್ಟಟರ್ ಶೇಕಡಾ ಇಟ್ಟುಕೊಂಡು ಓದುವವರಿಗೆ ಇಲ್ಲಿ ಮೂರನೆಯ ವ್ಯಕ್ತಿ ಕಾಣಿಸುತ್ತಾನೆ. ಡಿ1ಎಸ್1656 ಮತ್ತು ಎಸ್‌ಇ33ರಲ್ಲಿ ಎರಡು ಬೇಸ್ ಹಿಂದಿನ ಸ್ಟಟರೂ ಉಂಟು. ಪೀಕ್ ಓದುವ ತಂತ್ರಾಂಶ ಜೀನ್‌ಮ್ಯಾಪರ್ ಐಡಿ-ಎಕ್ಸ್‌ಗೆ ಪ್ಯಾನೆಲ್, ಬಿನ್ ಫೈಲ್‌ಗಳ ಜೊತೆ ಇದೇ ಕಿಟ್‌ನ ಸ್ಟಟರ್ ಫೈಲನ್ನೂ ಹಾಕಿದ್ದೀರಾ ನೋಡಿಕೊಳ್ಳಿ. ಮೊದಲೆರಡನ್ನು ಮಾತ್ರ ಹಾಕಿ ಮೂರನೆಯದನ್ನು ಮರೆತರೆ ತಂತ್ರಾಂಶ ದೂರುವುದಿಲ್ಲ.

ಹೆಚ್ಚು ಲೋಕಸ್ ಇರುವುದರಿಂದ ಮಿಶ್ರ ಮಾದರಿ ತಾನೇ ಬಿಡಿಸಿಕೊಳ್ಳುತ್ತದೆ ಎಂಬ ನಂಬಿಕೆ ಮಾರಾಟದ ಮಾತು. ಇಬ್ಬರ ಮಿಶ್ರಣದಲ್ಲಿ ಪಾಲು 1ಕ್ಕೆ 3 ಇದ್ದರೆ ಓದಬಹುದು. ಮೂರು ಜನ, ಒಬ್ಬೊಬ್ಬರದೂ ನೂರಿನ್ನೂರು ಪಿಕೋಗ್ರಾಂ ಎಂದಾಗ ಕೈಯಲ್ಲಿ ಬಿಡಿಸಲು ಹೋಗುವುದು ಹುಂಬತನ. ಎಸ್‌ಟಿಆರ್‌ಮಿಕ್ಸ್, ಯೂರೋಫಾರ್‌ಮಿಕ್ಸ್‌ನಂಥ ಸಂಭವನೀಯತೆಯ ತಂತ್ರಾಂಶ ಬೇಕು. ಅದಿಲ್ಲದಿದ್ದರೆ ವರದಿಯಲ್ಲಿ ನಿರ್ಣಯ ಸಾಧ್ಯವಿಲ್ಲ ಎಂದು ಬರೆಯುವ ಧೈರ್ಯ ಬೇಕು. ಪಿತೃತ್ವದಲ್ಲೂ ಹಾಗೆಯೇ. 21ರಲ್ಲಿ ಒಂದು ಲೋಕಸ್ ಹೊಂದದಿದ್ದರೆ ಅದು ಮ್ಯುಟೇಷನ್ (ಡಿಎನ್‌ಎಯಲ್ಲಾದ ಆಕಸ್ಮಿಕ ಬದಲಾವಣೆ) ಇರಬಹುದು; ಎಸ್‌ಇ33ರಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚು. ಅದೊಂದೇ ಕಾರಣಕ್ಕೆ ತಂದೆಯಲ್ಲ ಎನ್ನುವಂತಿಲ್ಲ. ಅಣ್ಣ ತಮ್ಮಂದಿರಲ್ಲಿ ಯಾರು ತಂದೆ ಎಂಬ ಪ್ರಶ್ನೆಗೆ, ತಾಯಿಯ ಮಾದರಿಯೂ ಇಲ್ಲದಿದ್ದರೆ, 21 ಲೋಕಸ್ ಕೆಲವೊಮ್ಮೆ ಸಾಲುವುದಿಲ್ಲ. ನಿಮ್ಮ ಲ್ಯಾಬಿನ ಆವರ್ತನ ಕೋಷ್ಟಕದಲ್ಲಿ (ಯಾವ ಅಲೀಲ್ ಜನರಲ್ಲಿ ಎಷ್ಟು ಸಾಮಾನ್ಯ ಎಂಬ ಪಟ್ಟಿ) ಎಸ್‌ಇ33 ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಎಲ್ಲಕ್ಕಿಂತ ಹೆಚ್ಚು ಬೇರ್ಪಡಿಸುವ ಲೋಕಸ್ಸೇ ಲೆಕ್ಕದಿಂದ ಹೊರಗುಳಿಯುತ್ತದೆ.

ನ್ಯಾಯಾಲಯ ಕಿಟ್‌ನ ಹೆಸರು ಕೇಳಿ ತೃಪ್ತಿಪಡುವ ಕಾಲ ಹೋಯಿತು. ದೆಹಲಿಯ ಛಾವ್ಲಾ ಅತ್ಯಾಚಾರ, ಕೊಲೆ ಪ್ರಕರಣದ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಡಿಎನ್‌ಎ ವರದಿಯ ಆಧಾರವೇನು, ತಂತ್ರವನ್ನು ಸರಿಯಾಗಿ ಬಳಸಿದರೇ ಎಂಬುದನ್ನು ಕೆಳಗಿನ ನ್ಯಾಯಾಲಯಗಳು ನೋಡಿಲ್ಲ ಎಂದಿತು. ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮುನ್ನ ದಿನಗಟ್ಟಲೆ ಠಾಣೆಯ ಮಾಲ್‌ಖಾನೆಯಲ್ಲಿ (ವಶಪಡಿಸಿಕೊಂಡ ವಸ್ತುಗಳ ಕೋಣೆ) ಇದ್ದದ್ದನ್ನೂ ಎತ್ತಿ ಹೇಳಿತು. ಹಾಗಾಗಿ ವರದಿಯಲ್ಲಿ ಹೊಂದುತ್ತದೆ ಎಂಬ ಒಂದೇ ಸಾಲು ಸಾಲದು. ಎಷ್ಟು ನ್ಯಾನೋಗ್ರಾಂ ಹಾಕಿದಿರಿ, ಯಾವ ಪೀಕ್ ಮಿತಿ ಇಟ್ಟಿರಿ, ಕಂಟ್ರೋಲ್‌ಗಳು ಏನು ತೋರಿಸಿದವು, ಸಂಭವನೀಯತೆಯ ಅಂಕಿ ಎಷ್ಟು, ಇವೆಲ್ಲ ಕಡತದಲ್ಲಿರಬೇಕು. ಪೀಕ್ ಮಿತಿಯನ್ನು ಕಂಪನಿಯ ಕೈಪಿಡಿಯಿಂದ ಎತ್ತಿಕೊಳ್ಳಬೇಡಿ. ನಿಮ್ಮದೇ ಯಂತ್ರದಲ್ಲಿ ಡಿಎನ್‌ಎ ಇಲ್ಲದ ಬಾವಿಗಳಲ್ಲಿ ಕಾಣುವ ಹಿನ್ನೆಲೆಯ ಗದ್ದಲ (ನಾಯ್ಸ್) ಅಳೆದು, 2 ನ್ಯಾನೋಗ್ರಾಂನಿಂದ 0.06ರವರೆಗೆ ಅರ್ಧರ್ಧ ಇಳಿಸುತ್ತಾ ಸರಣಿ ಓಡಿಸಿ, ಜೋಡಿ ಅಲೀಲ್‌ನಲ್ಲಿ ಒಂದು ಎಲ್ಲಿ ಮಾಯವಾಗುತ್ತದೆ ನೋಡಿ ನಿಗದಿ ಮಾಡಿ.

ಕೊಳ್ಳುವ ಮುನ್ನ ಬೇರೆ ಲ್ಯಾಬುಗಳ ಮೌಲ್ಯಾಂಕನ ಓದಬೇಕೆನ್ನುವವರಿಗೆ ಎರಡು ದಾರಿ. ಅಮೆರಿಕದಲ್ಲಿ 1989ರಿಂದ ನಡೆದುಬಂದಿರುವ ಮಾನವ ಗುರುತು ಪತ್ತೆಯ ಅಂತರರಾಷ್ಟ್ರೀಯ ಸಮ್ಮೇಳನ, ಐಎಸ್‌ಎಚ್‌ಐ, ಒಂದು. ಅಲ್ಲಿನ ಪೋಸ್ಟರ್‌ಗಳಲ್ಲಿ ಕಿಟ್‌ಗಳ ಹೋಲಿಕೆ ಯಥೇಚ್ಛ. ಆದರೆ ಸಮ್ಮೇಳನ ನಡೆಸುವುದು ಪ್ರೊಮೆಗಾ, ಅಂದರೆ ಪ್ರತಿಸ್ಪರ್ಧಿ ಕಿಟ್ ಮಾರುವವರೇ, ಎಂಬುದು ನೆನಪಿರಲಿ. ಪೋಸ್ಟರ್ ಬರೆದವರು ಸರ್ಕಾರಿ ಲ್ಯಾಬಿನವರೋ, ಕಂಪನಿಯವರೋ ಎಂದು ಮೊದಲು ಹೆಸರಿನ ಕೆಳಗಿನ ಸಾಲು ಓದಿ. ಇನ್ನೊಂದು ಐಎಸ್‌ಎಫ್‌ಜಿ ಎಂಬ ವಿಧಿವಿಜ್ಞಾನ ತಳಿಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘದ ಸಮ್ಮೇಳನ. ಅಲ್ಲಿನ ಕಿರು ಪ್ರಬಂಧಗಳು ಅಚ್ಚಾಗಿ ಸಿಗುತ್ತವೆ.

ಡಬ್ಬಿ 200 ರಿಯಾಕ್ಷನ್‌ನದೂ ಇದೆ, 1000ದ್ದೂ ಇದೆ. ಹಂಚಿ ನೋಡಿದರೆ ದೊಡ್ಡದು ಅಗ್ಗವೆನಿಸುತ್ತದೆ. ತಿಂಗಳಿಗೆ ಎಷ್ಟು ರಿಯಾಕ್ಷನ್ ಎಂದು ಕಂಟ್ರೋಲ್, ಮರುಪರೀಕ್ಷೆಗಳನ್ನೂ ಸೇರಿಸಿ ಲೆಕ್ಕ ಹಾಕಿ, ಅವಧಿ ಮುಗಿಯುವ ದಿನಾಂಕದ ಎದುರು ಇಟ್ಟು ನೋಡಿ. ಮಾರ್ಚ್ ಕೊನೆಯಲ್ಲಿ ಅನುದಾನ ತೀರಿಸಲು ತರಿಸಿದ 1000ದ ಡಬ್ಬಿ ಅರ್ಧ ಉಳಿದು ಅವಧಿ ಮೀರುವುದು ಸರ್ಕಾರಿ ಲ್ಯಾಬುಗಳಿಗೆ ಹೊಸದಲ್ಲ. ಪಾರ್ಸೆಲ್ ಬಂದಾಗ ಡ್ರೈ ಐಸ್ ಉಳಿದಿದೆಯೇ ನೋಡಿ ದಾಖಲಿಸಿ. ತೆರೆಯುವವರೆಗೆ ಮೈನಸ್ 15ರಿಂದ ಮೈನಸ್ 25 ಡಿಗ್ರಿ, ಒಮ್ಮೆ ಕರಗಿಸಿದ ಮೇಲೆ 2ರಿಂದ 8 ಡಿಗ್ರಿ. ಮತ್ತೆ ಫ್ರೀಜರಿಗೆ ಬೇಡ. ಪ್ರೈಮರ್ ಮತ್ತು ಲ್ಯಾಡರ್‌ಗೆ ಬೆಳಕು ತಾಗಬಾರದು. ಲ್ಯಾಡರ್ ಎಂದರೆ ಪಿಸಿಆರ್ ಆಗಿಹೋದ ಡಿಎನ್‌ಎ. ಅದನ್ನು ಪಿಸಿಆರ್ ಪೂರ್ವ ಕೋಣೆಯ ಫ್ರಿಜ್‌ನಲ್ಲಿಟ್ಟರೆ ಇಡೀ ಕೋಣೆ ಕಲುಷಿತವಾಗುವ ಭಯ. ಡಬ್ಬಿ ಬಿಚ್ಚಿದ ಕೂಡಲೇ ಅದನ್ನು ಹೊರತೆಗೆದು ಯಂತ್ರದ ಕೋಣೆಗೆ ಕಳಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಚ್ಚಿ.